ಮರದ ಯಜಮಾನ

ಬೋರಲಿಂಗಯ್ಯ: ಮರ ನಂದಲ್ಲ ಕಣಪ್ಪ. ಕಾಗೆ ತಂದು ಹಾಕಿದ ಬೀಜ ಅದು. ಕೇಳೋದಾದ್ರೆ ಹೋಗಿ ಕಾಗೇನೇ ಕೇಳು.

ಶುಕೂರ್: ಹಲಸಿನ ಬೀಜ ಕಚ್ಕೊಂಡು ಹಾರೋ ಕಾಗೆನಾ ಬೋರಣ್ಣ? ಅದ್ಕೆ ರೆಕ್ಕೆ ಇತ್ತೋ, ಎತ್ತಿನ ಗಾಡಿ ಇತ್ತೋ?

ಚನ್ನಪಟ್ಟಣದ ಅಂಚಿನಲ್ಲಿರೋ ಬೋರಲಿಂಗಯ್ಯನ ಹಿತ್ತಲಲ್ಲಿ ಬೆಳಗ್ಗೆಯಿಂದ ಇದೇ ರಾಮಾಯಣ. ಹಲಸಿನ ಮರದ ಕೊಂಬೆಯೊಂದು ಹಿಂದಿನ ಬೀದಿಯ ಕರೆಂಟ್ ತಂತಿ ಮೇಲೆ ಒರಗಿಕೊಂಡಿತ್ತು. ಒಸಿ ಗಾಳಿ ಬೀಸಿದ್ರೆ ಸಾಕು, ಪಕ್ಕದ ಮನೆ ಶುಕೂರನ ಗೊಂಬೆ ಕಡೆಯೋ ಮಿಷಿನ್ ನಿಂತೇ ಹೋಗ್ತಿತ್ತು. ಅರಗಿನ ಬಣ್ಣ ಅರ್ಧಕ್ಕೇ ನಿಂತು, ಸೊಂಟದವರೆಗೆ ಕೆಂಪಂಗಿ ತೊಟ್ಟು ಕೆಳಗೆ ಏನೂ ಇಲ್ಲದ ಗೊಂಬೆಗಳು ಅವನ ಅಂಗಡಿ ತುಂಬ ಕೂತಿದ್ದವು. ಮರ್ಯಾದಸ್ಥರು ಒಳಗೆ ಬರೋ ಹಂಗಿಲ್ಲ ಅಂತ ಅವನ ಗೋಳು.

ಅವನ ದೂರಿಗೆ ಲೈನ್‌ಮ್ಯಾನ್ ನಟರಾಜು ಬಂದಿದ್ದ. ಕಾಂಪೌಂಡಿನೊಳಗಿನ ಮರ ತಂತಿಗೆ ತಾಕಿದ್ರೆ ಕಡಿಸೋ ಜವಾಬ್ದಾರಿ ಜಾಗದವರದ್ದೇ, ನಾವು ಕರೆಂಟ್ ನಿಲ್ಲಿಸಿ ಪಕ್ಕದಲ್ಲಿ ನಿಂತಿರ್ತೀವಿ, ಅಷ್ಟೇ, ಅಂತ ಅವನು ಸಮಾಧಾನವಾಗೇ ಬಿಡಿಸಿ ಹೇಳಿದ್ದ. ಬೋರಲಿಂಗಯ್ಯನಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಅವನ ಸಂಕಟ ಬೇರೆ. ಆ ಕೊಂಬೆಯ ಎಲೆಗಳ ಮರೆಯಲ್ಲಿ ಕರೆಂಟ್ ತಂತಿಗೆ ಅವನೇ ಹಾಕಿದ ಕೊಕ್ಕೆ ಇತ್ತು. ಅಲ್ಲಿಂದ ಕಾಂಡದ ಹಿಂದಿಂದ ಇಳಿದ ವೈರು ಕೊಟ್ಟಿಗೆಗೆ ಹೋಗಿ ಮೇವು ಕತ್ತರಿಸೋ ಮಿಷಿನ್ ಓಡಿಸ್ತಿತ್ತು. ಮೀಟರಿನಲ್ಲಿ ಅದರ ಸುದ್ದಿಯೇ ಇಲ್ಲ. ಹೆಂಡತಿಗೂ ಹೇಳಿರಲಿಲ್ಲ. ಕೊಂಬೆ ಬಿದ್ರೆ ಬೀದಿಯಲ್ಲಿ ಅವನ ಮಾನವೂ ಜೊತೇಲೇ ಬೀಳೋದು.

ನಟರಾಜು: ಯಜಮಾನ್ರೆ, ಒಂದೇ ಕೊಂಬೆ. ಕಡುದ್ಬುಡಿ.

ಬೋರಲಿಂಗಯ್ಯ: ಮೊದ್ಲು ನೀನು ಯಜಮಾನ್ರೆ ಅನ್ನೋದು ಬುಡು. ಅದ್ರಲ್ಲೇ ಸಿಗಾಕಿಸ್ತೀಯ. ಅದೂ ಅಲ್ದೆ ಎಳೇ ಪಿಂದೆಗಾಯಿ ಬುಟ್ಟೈತೆ. ಬಸುರಿ ಮರಕ್ಕೆ ಮಚ್ಚು ತಾಕಿಸ್ಬಾರ್ದು.

ಮೇವಿನ ಹೊರೆ ಹೊತ್ತು ಕೊಟ್ಟಿಗೆ ಕಡೆ ಹೊರಟಿದ್ದ ವೆಂಕಟಲಕ್ಷ್ಮಮ್ಮ ಅಲ್ಲೇ ನಿಂತಳು.

ವೆಂಕಟಲಕ್ಷ್ಮಮ್ಮ: ಕಾಗೆ ಮರದ ಬಾಣಂತನ ನಿಮಗ್ಯಾಕೆ? ಹೋದ ವರ್ಷ ನಮ್ಮ ಮರದ ಹಣ್ಣು, ನಮ್ಮ ಮರದ ಹಣ್ಣು ಅಂತ ಬೀದಿಗೆಲ್ಲ ತೊಳೆ ಹಂಚಿದ್ರಲ್ಲ, ಆಗ ಕಾಗೆ ಎಲ್ಲೋಗಿತ್ತು?

ಬೋರಲಿಂಗಯ್ಯ: ಹಣ್ಣು ನಂದೇ ಕಣೆ. ಬೇರು ಶುಕೂರ್ ಭಾಯ್ ಕಾಂಪೌಂಡಿಗೆ ಹೋಗೈತೆ. ಬೇರು ಯಾರ ಜಾಗದಲ್ಲೈತೋ ಮರ ಅವರದ್ದು.

ಶುಕೂರ್: ಹೌದಾ? ಹಂಗಾದ್ರೆ ಮರ ನಂದೇ. ನಟರಾಜಣ್ಣ, ಮರದೋನು ಹೇಳ್ತಾ ಇದೀನಿ, ಕಡೀರಿ.

ತಾನೇ ತೋಡಿದ ಗುಂಡಿಯಲ್ಲಿ ಬೋರಲಿಂಗಯ್ಯ ಸೊಂಟದವರೆಗೆ ಇಳಿದಿದ್ದ. ಇವತ್ತು ದಿನ ಸರಿಯಿಲ್ಲ ಅಂದ, ನೆಂಟರು ಬರ್ತಾರೆ ಅಂದ, ಮಂಡಿ ನೋವು ಅಂದ. ನಟರಾಜು ಎಲ್ಲಕ್ಕೂ ತಲೆಯಾಡಿಸಿ ಫೋನ್ ಕೈಗೆತ್ತಿಕೊಂಡ.

ನಟರಾಜು: ಎಲ್‌ಸಿ ತಗೊಂಡ್ಬುಡ್ತೀನಿ.

ವೆಂಕಟಲಕ್ಷ್ಮಮ್ಮ: ಎಲ್‌ಐಸಿನಾ? ಮೊದ್ಲು ಇವರ ಹೆಸರಿಗೆ ಮಾಡಪ್ಪ. ಮರ ಹತ್ತೋರು ಇವರೇ.

ನಟರಾಜು: ಅಲ್ಲಮ್ಮ, ಎಲ್‌ಸಿ. ಲೈನ್ ಕ್ಲಿಯರ್. ಕರೆಂಟ್ ನಿಲ್ಸಿ ಅಂತ ಸ್ಟೇಷನ್‌ಗೆ ಹೇಳೋದು. ಹಿಂದಿನ ಬೀದಿದು ಮಾತ್ರ ಹೋಗ್ತದೆ. ನಿಮ್ಮನೆಗೆ ಮುಂದಿನ ಬೀದಿ ಲೈನು, ನಿಮಗೇನೂ ತೊಂದ್ರೆ ಇಲ್ಲ.

ತೊಂದ್ರೆ ಇಲ್ಲ ಅಂದದ್ದೇ ಬೋರಲಿಂಗಯ್ಯ ಗಕ್ಕನೆ ಕೊಟ್ಟಿಗೆ ಕಡೆ ತಿರುಗಿದ. ಹೆಂಡತಿ ಆಗಲೇ ಕೊಟ್ಟಿಗೆ ಸೇರಿ ಮಿಷಿನ್ ಹಾಕಿದ್ಲು, ಅದು ಗರಗರ ಅಂತಿತ್ತು. ಹೋಗಿ ಆರಿಸೋಣ ಅಂತ ಅವನು ಹೆಜ್ಜೆ ಎತ್ತಿದ. ಮಾತಾಡ್ತಾ ನಿಂತಿರಿ ಬೋರಣ್ಣ ಅಂತ ಶುಕೂರ್ ಪ್ರೀತಿಯಿಂದ ತೋಳು ಹಿಡಿದುಕೊಂಡ. ನಟರಾಜು ಫೋನಿನಲ್ಲಿ ಏನೋ ಹೇಳಿದ, ಆ ಕಡೆಯವರೂ ಏನೋ ಹೇಳಿದರು.

ಗರಗರ ನಿಂತಿತು.

ವೆಂಕಟಲಕ್ಷ್ಮಮ್ಮ ಕೊಟ್ಟಿಗೆಯಿಂದ ಹೊರಗೆ ಬಂದಳು.

ವೆಂಕಟಲಕ್ಷ್ಮಮ್ಮ: ಏನಂದ್ರೆ, ಮನೇಲಿ ಟಿವಿ ಓಡ್ತಾನೇ ಐತೆ. ಕೊಟ್ಟಿಗೆ ಮಿಷಿನ್ ಯಾಕೆ ನಿಂತೋಯ್ತು?

ನಟರಾಜು ಕೊಟ್ಟಿಗೆ ನೋಡಿದ, ಮರ ನೋಡಿದ, ಬಿದಿರಿನ ಕೋಲು ಎತ್ತಿ ಎಲೆಗಳನ್ನು ಮೆಲ್ಲಗೆ ಸರಿಸಿದ.

ನಟರಾಜು: ಯಜಮಾನ್ರೆ, ಹಲಸಿನ ಮರ ವೈರು ಬುಟ್ಟೈತಲ್ಲ.

ಬೋರಲಿಂಗಯ್ಯ: ಯಾವುದೋ ಹಂಬು ಇರ್ಬೇಕು.

ಶುಕೂರ್: ಹಂಬು ನಿಮ್ಮ ಕೊಟ್ಟಿಗೆಗೇ ಹಬ್ಬಿದೆ ಬೋರಣ್ಣ. ಮರ ನಂದು ಅಂತ ದಾನ ಮಾಡಿದ್ರಲ್ಲ, ಇದನ್ನೂ ನನ್ನ ತಲೆಗೇ ಕಟ್ತಿದ್ರಾ?

ಆ ಮಾತು ತಮಾಷೆಯಲ್ಲ ಅಂತ ಬೋರಲಿಂಗಯ್ಯನಿಗೆ ಗೊತ್ತಾಯ್ತು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೂ ಹಳೇ ಚಾಳಿ ಬಿಡ್ತದಾ.

ನಟರಾಜು: ಆಫೀಸಿಗೆ ಹೇಳ್ಲೇಬೇಕು. ಇಲ್ಲಿ ಯಜಮಾನ್ರು ಯಾರು ಅನ್ಲಿ?

ಬೋರಲಿಂಗಯ್ಯ: ಈ ಮನೇಲಿ ಎಲ್ಲದಕ್ಕೂ ಇವಳೇ ಯಜಮಾನ್ತಿ ಕಣಪ್ಪ. ನಂದೇನೂ ನಡಿಯಲ್ಲ.

ವೆಂಕಟಲಕ್ಷ್ಮಮ್ಮ ಗಂಡನನ್ನು ಅಡಿಯಿಂದ ಮುಡಿತನಕ ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ವೆಂಕಟಲಕ್ಷ್ಮಮ್ಮ: ಮದ್ವೆಯಾದಾಗಿಂದ ಒಂದು ದಿನಾನೂ ಕೊಡದ ಪಟ್ಟ ಇವತ್ತು ಕೊಟ್ರಾ? ಆಯ್ತು ಬುಡಿ, ತಗಂಡೆ. ಯಜಮಾನ್ತಿ ಹೇಳ್ತಾ ಇವ್ನಿ, ಮಚ್ಚು ತಗಂಡು ಮರ ಹತ್ತಿ. ಇಳುದ್ಮೇಲೆ ಕರೆಂಟ್ ಆಫೀಸಿಗೆ ನೀವೇ ಹೋಗಿ ಒಪ್ಕಂಡು ಬನ್ನಿ. ಆಮೇಲೆ ಶುಕೂರ್ ಭಾಯ್ ಗೊಂಬೆಗೆಲ್ಲ ಕೂತ್ಕಂಡು ಬಣ್ಣ ತುಂಬಿ.

ಶುಕೂರ್: ಬ್ಯಾಡಕ್ಕ, ಇವರ ಕೈಗೆ ಕೊಟ್ರೆ ಮೇಲಂಗೀನೂ ಹೋದೀತು.

ಬೋರಲಿಂಗಯ್ಯ ಪಂಚೆ ಮೇಲಕ್ಕೆ ಕಟ್ಟಿ ಹತ್ತಿದ. ಮಂಡಿ ನೋವು ಯಾಕೋ ಮಾಯವಾಗಿತ್ತು. ಅರ್ಧ ಮರ ಏರುವಷ್ಟರಲ್ಲಿ ನಟರಾಜು ಕೆಳಗಿಂದ ಕೂಗಿದ.

ನಟರಾಜು: ಹುಷಾರು ಯಜಮಾನ್ರೆ, ಕಾಲು ಗಟ್ಟಿಯಾಗಿ ಊರಿ.

ಬೋರಲಿಂಗಯ್ಯ: ನಂಗ್ಯಾಕಪ್ಪ ಹೇಳ್ತೀಯ? ಯಜಮಾನ್ರು ಕೆಳಗವ್ರೆ.