ಪ್ಯಾಸೇಜಿನಲ್ಲಿ ನಿಂತವರು

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಬೇರೆಯವರು ನಂಬದಿದ್ದರೆ ಸಿಟ್ಟು ಬರುತ್ತದೆ. ಬೇರೆಯವರು ಎಂದರೆ ನನ್ನ ಹೆಂಡತಿ ಸುಧಾ. ಆಂಟಾಪ್ ಹಿಲ್‌ನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಗೆ ಹೋಗುವ ಪ್ಯಾಸೇಜ್ ಒಂದಿದೆ. ಮಧ್ಯಾಹ್ನದ ಹೊತ್ತು ನಾನು ಅಲ್ಲಿ ಗೋಡೆ ನೋಡುತ್ತ ಬಹಳ ಹೊತ್ತು ನಿಂತಿರುತ್ತೇನೆಂದು ಅವಳ ದೂರು. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತನಾದವನು. ನೀರು ಕುಡಿಯಲು ಹೋಗುತ್ತೇನೆ, ಕುಡಿದು ಬರುತ್ತೇನೆ. ನನಗೆ ನೆನಪಿರುವುದು ಇಷ್ಟೇ. ವಾದ ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು: ಅವಳ ಮಾತು ಸಾಬೀತಾದರೆ ನಾನು ತಕರಾರಿಲ್ಲದೆ ದಾದರಿನ ನರರೋಗದ ಡಾಕ್ಟರ ಹತ್ತಿರ ಹೋಗಬೇಕು. ಡಾಕ್ಟರ ಭಯ ನನಗಿರಲಿಲ್ಲ. ಅವರು ಏನು ಹೇಳಬಹುದೆಂಬ ಭಯವಿತ್ತು.

ಸಾಕ್ಷಿಗೆಂದು ಲೇಸರ್ ದೂರಮಾಪಕ ತಂದೆ. ಬೆಂಕಿಪೊಟ್ಟಣದಷ್ಟಿರುವ ಇದು ಎದುರಿನ ವಸ್ತು ಎಷ್ಟು ದೂರವಿದೆಯೆಂದು ಹೇಳುತ್ತದೆ. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಬೋರ್ಡು ಅದನ್ನು ಕೇಳಿಸಿಕೊಂಡು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಬಿಲ್ಡಿಂಗ್ ಅಳೆಯುವುದಿದೆಯೇ ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ. ಪ್ಯಾಸೇಜ್ ಎಂದೆ. ಅದಕ್ಕೆ ಟೇಪು ಸಾಕಲ್ಲ ಅಂಕಲ್ ಎಂದ. ಮೊದಲ ದಿನ ಏನೂ ಬರಲಿಲ್ಲ. ಒಂದರ ಹೇಳುವ ತಂತಿಯನ್ನು ಇನ್ನೊಂದರ ಕೇಳುವ ಪಿನ್ನಿಗೆ ಕೊಡಬೇಕು. ನಾನು ಹೇಳುವುದನ್ನು ಹೇಳುವುದಕ್ಕೇ ಸೇರಿಸಿದ್ದೆ. ಇಬ್ಬರೂ ಹೇಳುವವರೇ, ಕೇಳುವವರಿಲ್ಲ. ನಮ್ಮ ಮನೆಯ ಕನೆಕ್ಷನ್ನೂ ಅದೇ ಅಲ್ಲವೇ ಎಂದಳು ಸುಧಾ. ತಂತಿ ಬದಲಿಸಿ, ಪ್ಯಾಸೇಜಿನ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಎದುರಿನ ಗೋಡೆಗೆ ಗುರಿ ಹಿಡಿಸಿದೆ. ಬರೀ ಗೋಡೆಯಿದ್ದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ದೂರ ತೋರಿಸುವ ಗೆರೆ ಎತ್ತರದಲ್ಲಿರುತ್ತದೆ, ಯಾರಾದರೂ ಅಡ್ಡ ಬಂದರೆ ಕೆಳಗಿಳಿಯುತ್ತದೆ.

ಮರುದಿನ ಮಧ್ಯಾಹ್ನ ಸುಧಾ ಭಜನೆಗೆ ಹೋದಳು. ನಾನು ಒಳಗಿನಿಂದ ಚಿಲಕ ಹಾಕಿ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತೆ. ಎದ್ದದ್ದೇ ಇಲ್ಲ, ಇದು ಖಂಡಿತ ನೆನಪಿದೆ. ಸಂಜೆ ನೋಡಿದರೆ ಗೆರೆ ಕೆಳಗಿಳಿದು ಅಲ್ಲೇ ಉದ್ದಕ್ಕೆ ಮಲಗಿತ್ತು. ಹಾದುಹೋದವರಲ್ಲ, ಯಾರೋ ನಿಂತವರು. ಗೆರೆ ತುಸು ನಡುಗುತ್ತಲೂ ಇತ್ತು, ಉಸಿರಾಡುವವರ ಎದೆಯ ಹಾಗೆ. ತಂತಿ ಬಿಗಿ ಮಾಡಿದೆ, ಲೇಸರಿನ ಗಾಜು ಒರೆಸಿದೆ, ಗಾಳಿಗೆ ಹಾರಬಹುದೆಂದು ಗೋಡೆಯ ಕ್ಯಾಲೆಂಡರನ್ನೂ ತೆಗೆದೆ. ಮರುದಿನವೂ ಅವರು ಬಂದರು. ನಮಗಿಂತ ಮೊದಲು ಇಲ್ಲಿದ್ದ ಮುದುಕರು ಈ ಮನೆಯಲ್ಲೇ ತೀರಿಕೊಂಡರೆಂದು ಕೇಳಿದ್ದೆ. ಅಥವಾ ಕೇಳಿದ್ದೆನೆಂದು ಆಗ ಅನ್ನಿಸಿತು. ಜೀವಮಾನವಿಡೀ ವಿಜ್ಞಾನ ಹೇಳಿದವನು, ದೆವ್ವವೇ ಆಗಿರಲಪ್ಪಾ ಎಂದು ಬೇಡಿಕೊಂಡೆ. ದೆವ್ವವಾದರೆ ದಾದರಿಗೆ ಹೋಗುವುದು ತಪ್ಪುತ್ತಿತ್ತು.

ಸುಧಾಳಿಗೆ ಗೆರೆ ತೋರಿಸಿ ದೆವ್ವದ ಪರವಾಗಿ ವಾದಿಸಿದೆ. ಅವಳು ಗೆದ್ದ ಮುಖ ಮಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

"ನಿಮ್ಮ ಬನಿಯನ್ ಹಾಕ್ಕೊಂಡು ನಿಲ್ಲೋ ದೆವ್ವ ಎಲ್ಲಿದೆ ರೀ," ಎಂದಳು. "ಶನಿವಾರಕ್ಕೆ ಹೆಸರು ಬರೆಸ್ತೀನಿ."

ಒಪ್ಪಂದ ಒಪ್ಪಂದವೇ. ಇನ್ನು ಸಾಕ್ಷಿಯ ಅಗತ್ಯವಿಲ್ಲವೆಂದು ಯಂತ್ರ ಬಿಚ್ಚಿಡಲು ಪ್ಯಾಸೇಜಿಗೆ ಹೋದೆ. ಮೊದಲ ತಂತಿಗೆ ಕೈ ಹಾಕಿದ್ದೆ, ಅಷ್ಟೇ. ಸುಧಾ ಅಡುಗೆಮನೆಯಿಂದ ಮೆಲ್ಲಗೆ ಕರೆದಳು.

"ಬನ್ನಿ ರೀ, ಸಾರು ಎರಡು ಸಲ ಬಿಸಿ ಮಾಡ್ದೆ."

ಕೈ ನೋಡಿಕೊಂಡೆ. ತಂತಿಗಳನ್ನೆಲ್ಲ ಬಿಚ್ಚಿ, ಬಣ್ಣದ ಪ್ರಕಾರ ಜೋಡಿಸಿ, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಯಾಗಿತ್ತು. ಯಾರು ಮಾಡಿದರೋ, ನನಗಿಂತ ಅಚ್ಚುಕಟ್ಟಿನವರು.