ಉಳಿದ ಎರಡು ಪ್ರಶ್ನೆಗಳು

ಶೋರೂಮಿನವರು ಕೊಟ್ಟ ಅರ್ಜಿಯಲ್ಲಿ ಮೂವತ್ತೆಂಟು ಪ್ರಶ್ನೆಗಳಿದ್ದವು. ಮೂವತ್ತಾರಕ್ಕೆ ಅವನು ಕೂತ ಕೂತಲ್ಲೇ ಉತ್ತರ ಬರೆದು ಮುಗಿಸಿದ್ದ. ಉಳಿದದ್ದು ಎರಡು. ಎಂಜಿನ್ ಯಾವುದು, ಒಂದೂವರೆ ಲೀಟರ್ ಡೀಸೆಲ್ಲೋ ಎರಡು ಲೀಟರ್ ಡೀಸೆಲ್ಲೋ? ಗೇರ್‌ಬಾಕ್ಸ್ ಯಾವುದು, ಮ್ಯಾನುಯಲ್ಲೋ ಆಟೋಮ್ಯಾಟಿಕ್ಕೋ? ಪ್ರಶ್ನೆಗಳ ಎದುರಿಗೆ ಖಾಲಿ ಚೌಕಗಳು. ಹನ್ನೊಂದು ದಿನದಿಂದ ಆ ಚೌಕಗಳು ಗೂಡಿನಲ್ಲಿ ಬಾಯಿ ತೆರೆದು ಕೂತ ಮರಿಹಕ್ಕಿಗಳ ಹಾಗೆ ಅವನನ್ನೇ ನೋಡುತ್ತಿದ್ದವು.

ಅವನು ತೂಕ ಮತ್ತು ಅಳತೆ ಕಚೇರಿಯಲ್ಲಿ ಪರೀಕ್ಷಕ. ಊರಿನ ಅಂಗಡಿಗಳ ತಕ್ಕಡಿಗಳೆಲ್ಲ ವರ್ಷಕ್ಕೊಮ್ಮೆ ಅವನ ಮೇಜಿಗೆ ಬಂದು ಹೋಗಬೇಕು. ಹಿತ್ತಾಳೆಯ ತೂಕದ ಬಟ್ಟುಗಳನ್ನು ಮಖಮಲ್ಲಿನ ಪೆಟ್ಟಿಗೆಯಿಂದ ಚಿಮಟದಲ್ಲಿ ಎತ್ತಿಟ್ಟು, ಮುಳ್ಳು ನಿಲ್ಲುವವರೆಗೂ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಸರಿಯಿದ್ದರಷ್ಟೇ ಮುದ್ರೆ. ಆದರೆ ಅವನ ಸ್ವಂತ ಮನಸ್ಸಿನ ಮುಳ್ಳು ಮಾತ್ರ ಒಂದು ದಿನವೂ ನಡುವೆ ಬಂದು ನಿಂತದ್ದಿಲ್ಲ. ಅಂಗಿಯ ಬಣ್ಣವನ್ನು ಅಂಗಡಿಯವನೇ ಆರಿಸಿಕೊಡಬೇಕು. ಮಗಳಿಗೆ ಹೆಸರಿಡುವಾಗ ಆಸ್ಪತ್ರೆಯ ನರ್ಸಿನ ಅಭಿಪ್ರಾಯ ಕೇಳಿದ್ದ. ಉಳಿದದ್ದನ್ನೆಲ್ಲ ಹೆಂಡತಿಯನ್ನು ಕೇಳುತ್ತಿದ್ದ. ಹಲ್ಲು ಕೀಳಿಸಬೇಕೋ ಬೇಡವೋ ಎಂಬುದನ್ನೂ.

ಹೆಂಡತಿ ಕಿಟಕಿಯ ಪರದೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಹೊಲಿದದ್ದನ್ನು ಗಿರಾಕಿಗಳ ಮನೆಗೆ ಒಯ್ದು ತೂಗುಹಾಕಿ ಬರಬೇಕು. ಈಗಿನ ಪುಟ್ಟ ಕಾರಿನಲ್ಲಿ ಏಳು ಅಡಿಯ ಪರದೆ ಸರಳುಗಳು ಹಿಡಿಸದೆ ಕಿಟಕಿಯಿಂದ ಹೊರಗೆ ಚಾಚಿಕೊಂಡಿರುತ್ತಿದ್ದವು. ಅವುಗಳ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡು, ರಜೆಯ ದಿನಗಳಲ್ಲಿ ಅವನು ಓಡಿಸುತ್ತಿದ್ದ. ಅದಕ್ಕೇ ಹಿಂಬದಿ ಉದ್ದವಾಗಿರುವ, ಸೀಟು ಮಡಚಿದರೆ ಸರಳುಗಳನ್ನು ಆರಾಮಾಗಿ ಮಲಗಿಸಬಹುದಾದ ಈ ಎಸ್ಟೇಟ್ ಕಾರು. ಡೀಸೆಲ್ ಮಾದರಿಗೆ ಅರ್ಜಿ ಹಾಕಲು ಈ ಹನ್ನೊಂದನೆಯ ದಿನವೇ ಕೊನೆ. ಸಂಜೆ ಐದರ ಮೇಲೆ ಕಾರ್ಖಾನೆಯವರು ಅರ್ಜಿ ತೆಗೆದುಕೊಳ್ಳುವುದಿಲ್ಲ.

"ಏನ್ ಮಾಡೋಣ?" ಎಂದು ಬೆಳಗ್ಗೆ ಅವನು ಅರ್ಜಿಯನ್ನು ಹೆಂಡತಿಯ ಮುಂದೆ ಹಿಡಿದ.

ಅವಳು ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು. ಆರು ಸೂಜಿಗಳಿದ್ದವು. ಅಷ್ಟು ಹೊತ್ತೂ ಅವನು ಕಾದ.

"ನೀವೇ ತೀರ್ಮಾನ ಮಾಡಿ ರೀ," ಅಂದಳು. "ಯಾರನ್ನೂ ಕೇಳ್ಬೇಡಿ. ಮದುವೆಯಾಗಿ ಹದಿನೇಳು ವರ್ಷ ಆಯ್ತು. ಒಂದೇ ಒಂದ್ಸಲ, ನೀವಾಗಿ ನೀವೇ ಒಂದು ಮಾತು ಹೇಳಿದ್ದನ್ನ ನಾನು ನೋಡ್ಬೇಕು."

ಆ ಮಾತಿಗೆ ತೂಕವಿತ್ತು. ಅದನ್ನು ತೂಗುವ ಬಟ್ಟು ಅವನ ಪೆಟ್ಟಿಗೆಯಲ್ಲಿರಲಿಲ್ಲ. ಇವತ್ತು ಸೋತರೆ ಈ ಜನ್ಮದಲ್ಲಿ ಅವಳ ಕಣ್ಣಿಗೆ ತಾನು ಗಂಡಸಾಗಿ ಕಾಣುವುದಿಲ್ಲ ಎಂದು ಅವನಿಗೆ ಖಚಿತವಾಯಿತು. ಅರ್ಜಿಯನ್ನು ಪಾರದರ್ಶಕ ಕವರಿನಲ್ಲಿಟ್ಟು, ಯಾರನ್ನೂ ಒಂದು ಮಾತೂ ಕೇಳಬಾರದೆಂದು ಹಲ್ಲು ಕಚ್ಚಿಕೊಂಡು ಹೊರಟ.

ಗೇಟಿನ ಹತ್ತಿರವೇ ಜೇನು ಮೇಷ್ಟ್ರು ನಿಂತಿದ್ದರು. ಪಕ್ಕದ ಮನೆಯವರು, ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತರಾದ ಮೇಲೆ ಹಿತ್ತಲಲ್ಲಿ ಜೇನು ಸಾಕುತ್ತಿದ್ದರು. ಕವರಿನೊಳಗಿನ ಅರ್ಜಿಯನ್ನು ಅವರು ಗೋಡೆಯ ಆಚೆಯಿಂದಲೇ ಓದಿ ಮುಗಿಸಿದರು.

"ಎರಡು ಲೀಟರ್. ಕಣ್ಣು ಮುಚ್ಚಿ ಗೆರೆ ಎಳೀರಿ ಸಾರ್."

"ನಾನು ಕೇಳ್ಲಿಲ್ಲ ಮೇಷ್ಟ್ರೇ."

"ನೀವು ಕೇಳೋವರೆಗೂ ಕಾಯೋಕೆ ನಾನೇನು ವಕೀಲನಾ? ನೋಡಿ, ಮುಂದಿನ ತಿಂಗಳು ಗುಡ್ಡದ ಮೇಲೆ ಹೂ ಬಿಡುತ್ತೆ. ಹನ್ನೆರಡು ಜೇನುಪೆಟ್ಟಿಗೆ ಸಾಗಿಸ್ಬೇಕು. ಹಿಂದಿನ ಸೀಟು ಮಡಚಿದ್ರೆ ಹನ್ನೆರಡೂ ಹಿಡಿಸುತ್ತೆ. ಶೋರೂಮಿಗೆ ಹೋಗಿ ಟೇಪು ಹಿಡಿದು ಬಂದಿದ್ದೀನಿ."

"ನನ್ನ ಕಾರಲ್ಲಾ?"

"ಹುಳ ಏನೂ ಮಾಡಲ್ಲ. ಪೆಟ್ಟಿಗೆ ಬಾಯಿಗೆ ಜಾಲರಿ ಹೊಡೆದಿರ್ತೀನಿ. ಒಂದೆರಡು ಈಚೆ ಬಂದ್ರೂ ಗಾಜು ಇಳಿಸಿದ್ರಾಯ್ತು, ಅವೇ ಹೋಗ್ತಾವೆ. ಒಳ್ಳೇ ಜೀವಿಗಳು."

"ಚಿಕ್ಕ ಎಂಜಿನ್ ತಗೊಂಡ್ರೆ?" ಬಾಯಿಂದ ಜಾರಿಯೇ ಹೋಯಿತು.

ಮೇಷ್ಟ್ರು ದನಿ ತಗ್ಗಿಸಿದರು. "ಗುಡ್ಡದ ಅರ್ಧಕ್ಕೆ ಉಸಿರು ಬಿಡುತ್ತೆ. ನಿಂತ ಗಾಡಿ. ಒಳಗೆ ಮೂರು ಲಕ್ಷ ಜೇನು. ಮತ್ತೆ ನೀವು. ಯೋಚ್ನೆ ಮಾಡಿ."

ಆಫೀಸು ಮುಟ್ಟುವವರೆಗೂ ಅವನು ಅದನ್ನೇ ಯೋಚನೆ ಮಾಡಿದ.

ಆಫೀಸಿನಲ್ಲಿ ತರಕಾರಿ ವ್ಯಾಪಾರಿಯೊಬ್ಬ ತಕ್ಕಡಿ ಹಿಡಿದು ಕಾಯುತ್ತಿದ್ದ. ಪರೀಕ್ಷಕ ಅರ್ಜಿಯನ್ನು ಮೇಜಿನ ಮೂಲೆಗಿಟ್ಟು, ಅದರ ಕಡೆ ನೋಡದಂತೆ ಕುರ್ಚಿ ತಿರುಗಿಸಿಕೊಂಡು ಕೂತ. ಮೊದಲ ಬಟ್ಟು ಇಡುವಷ್ಟರಲ್ಲಿ ಮೇಡಂ ಬಂದರು. ವಿಭಾಗದ ಮುಖ್ಯಸ್ಥೆ, ರಜೆ, ಬಡ್ತಿ, ವರ್ಗ ಎಲ್ಲಕ್ಕೂ ಅವರದೇ ಸಹಿ.

"ಆಟೋಮ್ಯಾಟಿಕ್ ತಾನೇ?" ಅಂದರು, ಅರ್ಜಿಯ ಮೇಲೆ ಬೆರಳಿಟ್ಟು.

"ಇನ್ನೂ ತೀರ್ಮಾನ ಮಾಡಿಲ್ಲ ಮೇಡಂ."

"ಇದಕ್ಕೇನ್ರೀ ತೀರ್ಮಾನ? ನಾವು ಮನೆ ಬದಲಾಯಿಸ್ತಾ ಇದ್ದೀವಿ. ಎರಡೇ ಎರಡು ಭಾನುವಾರ ನಿಮ್ಮ ಕಾರು ಕೊಟ್ರೆ ಸಾಮಾನೆಲ್ಲ ಸಾಗಿಹೋಗುತ್ತೆ. ನಾನೇ ಓಡಿಸ್ಕೊತೀನಿ, ನಿಮಗೇನೂ ತೊಂದರೆ ಬೇಡ. ಆದ್ರೆ ಮ್ಯಾನುಯಲ್ ಮಾತ್ರ ನನಗೆ ಬರಲ್ಲ ನೋಡಿ. ಕ್ಲಚ್ಚು ಕಂಡ್ರೆ ಕೈಕಾಲೇ ಆಡಲ್ಲ." ಕೈಚೀಲದಿಂದ ಒಂದು ಚೀಟಿ ತೆಗೆದರು. "ಬೀರುವಿನ ಅಳತೆ. ಮಲಗಿಸಿದ್ರೆ ಹೋಗುತ್ತಲ್ವಾ?"

"ಹೋಗ್ಬಹುದು ಮೇಡಂ."

"ಹೋಗ್ಬಹುದಾ, ಹೋಗುತ್ತಾ? ಅಳತೆ ಇಲಾಖೆಯವರಾಗಿ ಹೀಗೆ ಮಾತಾಡ್ತೀರಲ್ಲ."

ಅವನು ಬೀರುವನ್ನು ಮನಸ್ಸಿನಲ್ಲೇ ಕಾರಿನೊಳಗೆ ಮಲಗಿಸಿದ. ಅದರ ಮೇಲೆ ಹನ್ನೆರಡು ಪೆಟ್ಟಿಗೆಗಳನ್ನು ಪೇರಿಸಿದ. ಪಕ್ಕದಲ್ಲಿ ಸರಳುಗಳನ್ನು ತುರುಕಿದ. ಬಾಗಿಲು ಹಾಕಿಕೊಳ್ಳಲಿಲ್ಲ, ಜೋರಾಗಿ ಒತ್ತಿದ. ಠಣ್ ಎಂದು ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ, ಅವನು ಒತ್ತಿದ್ದು ಬಾಗಿಲನ್ನಲ್ಲ, ಮುದ್ರೆಯನ್ನು. ತಕ್ಕಡಿಯ ಮುಳ್ಳು ನಲವತ್ತು ಗ್ರಾಂ ಆಚೆ ಹಾಯಾಗಿ ಒರಗಿಕೊಂಡಿತ್ತು.

"ನಮಸ್ಕಾರ ಸಾರ್!" ಎಂದು ವ್ಯಾಪಾರಿ ತಕ್ಕಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದೇಬಿಟ್ಟ.

"ಏಯ್, ನಿಲ್ಲಪ್ಪಾ!"

ಮೂರು ಮಹಡಿ ಓಡಿದರು. ಮುಂದೆ ವ್ಯಾಪಾರಿ, ಹಿಂದೆ ಪರೀಕ್ಷಕ, ಅವರ ಹಿಂದೆ ಮೇಡಂ ಬೀರುವಿನ ಚೀಟಿ ಹಿಡಿದು. ಹೊರಗೆ ಬಸ್ಸು ನಿಲ್ಲುವಲ್ಲಿ ಅವನು ತಕ್ಕಡಿಯ ಒಂದು ತಟ್ಟೆಯನ್ನು ಹಿಡಿದ.

"ಮುದ್ರೆ ಬಿದ್ದದ್ದು ಬಿತ್ತು ಸಾರ್," ಅಂದ ವ್ಯಾಪಾರಿ, ಇನ್ನೊಂದು ತಟ್ಟೆ ಬಿಡದೆ. "ಒಂದ್ಸಲ ಮನಸ್ಸು ಮಾಡಿ ಒತ್ತಿದ್ದನ್ನ ವಾಪಸ್ ತಗೊಳ್ಳೋದು ನಿಮ್ಮಂಥೋರಿಗೆ ಚೆನ್ನಾಗಿರಲ್ಲ."

"ನಾನು ಮನಸ್ಸು ಮಾಡಿ ಒತ್ಲಿಲ್ಲ."

"ಮನಸ್ಸು ಮಾಡ್ದೇನೇ ಒತ್ತೋರಿಗೆ ಸರ್ಕಾರ ಸಂಬಳ ಕೊಡುತ್ತಾ?"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಪರೀಕ್ಷಕ ತಟ್ಟೆಯನ್ನು ಹಿಡಿದುಕೊಂಡೇ ನಿಂತ. ಕೊನೆಗೆ ಬಸ್ಸು ಬಂದು ಜನ ನುಗ್ಗಿದಾಗ ವ್ಯಾಪಾರಿಯ ಹಿಡಿತ ಸಡಿಲಾಗಿ, ತಕ್ಕಡಿ ಪರೀಕ್ಷಕನ ಕೈಗೆ ಬಂತು.

ತಪ್ಪಾಗಿ ಬಿದ್ದ ಮುದ್ರೆಯನ್ನು ಅರದಿಂದ ಉಜ್ಜಿ ಅಳಿಸಿ, ಅದಕ್ಕೊಂದು ವಿವರಣೆ ಬರೆದು, ಆ ವಿವರಣೆಗೆ ಮೇಡಂ ಸಹಿ ಹಾಕುವ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು. ಸಹಿ ಹಾಕುವಾಗ ಮೇಡಂ ಪೆನ್ನನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. "ಆಟೋಮ್ಯಾಟಿಕ್," ಅಂದು, ಸಹಿ ಹಾಕಿದರು.

ಶೋರೂಮಿನಲ್ಲಿ ಜನರಿರಲಿಲ್ಲ. ಕಡುನೀಲಿ ಬಣ್ಣದ ಉದ್ದ ಕಾರು ಗಾಜಿನ ಗೋಡೆಯ ಹಿಂದೆ ನಿಂತಿತ್ತು. ಟೈ ಕಟ್ಟಿದ ಮಾರಾಟಗಾರ ಗಡಿಯಾರ ನೋಡಿದ, ಅವನ ಮುಖ ನೋಡಿದ, ಮತ್ತೆ ಗಡಿಯಾರ ನೋಡಿದ.

"ಸ್ವಲ್ಪ ಹೊತ್ತು ಕಾರೊಳಗೆ ಕೂತ್ಕೊಳ್ಲಾ?"

"ಕೂತ್ಕೊಳಿ ಸಾರ್. ಇಪ್ಪತ್ತೈದು ನಿಮಿಷ ಇದೆ."

ಬಾಗಿಲು ಎಳೆದುಕೊಂಡಾಗ ಹೊರಗಿನ ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು. ಹೊಸ ಸೀಟಿನ ವಾಸನೆ. ಅವನು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತ. ಹನ್ನೊಂದು ದಿನದಲ್ಲಿ ಮೊದಲ ಬಾರಿಗೆ ಯಾರೂ ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ಮನಸ್ಸಿನ ಮುಳ್ಳು ನಿಧಾನವಾಗಿ ಆಡುವುದನ್ನು ನಿಲ್ಲಿಸಿತು.

ಮೇಷ್ಟ್ರು ಎಂಜಿನ್ನಿನ ಮಾತಾಡಿದರು, ಆದರೆ ಅವರ ಕಣ್ಣಿನಲ್ಲಿದ್ದದ್ದು ಪೆಟ್ಟಿಗೆ. ಮೇಡಂ ಗೇರಿನ ಮಾತಾಡಿದರು, ಕಣ್ಣಿನಲ್ಲಿದ್ದದ್ದು ಬೀರು. ಕಾರು ಇನ್ನೂ ಕಾರ್ಖಾನೆಯಲ್ಲಿ ಕಬ್ಬಿಣದ ತಗಡಾಗಿ ಬಿದ್ದಿದೆ, ಆಗಲೇ ಇಬ್ಬರೂ ಅದನ್ನು ತುಂಬಿಬಿಟ್ಟಿದ್ದಾರೆ. ಹಾಗಾದರೆ ಉತ್ತರ ಎಷ್ಟು ಸುಲಭ! ಚಿಕ್ಕ ಎಂಜಿನ್ ತೆಗೆದುಕೊಂಡರೆ ಜೇನು ಗುಡ್ಡ ಹತ್ತುವುದಿಲ್ಲ. ಮ್ಯಾನುಯಲ್ ತೆಗೆದುಕೊಂಡರೆ ಮೇಡಂ ಕೈಗೆ ಕೀಲಿ ಹೋಗುವುದಿಲ್ಲ. ಯಾರೂ ಕೇಳಲಾಗದ, ಯಾರೂ ಒಯ್ಯಲಾಗದ, ತನ್ನದೇ ಆದ ಒಂದು ಕಾರು.

ಅವನು ಇಳಿದು ಬಂದು, ಎರಡು ಚೌಕಗಳಲ್ಲಿ ಎರಡು ಗೆರೆ ಎಳೆದ.

"ಒಂದೂವರೆ ಲೀಟರ್, ಮ್ಯಾನುಯಲ್," ಎಂದು ಮಾರಾಟಗಾರ ಓದಿದ. "ಮನೇಲಿ ಕೇಳಿದ್ರಾ ಸಾರ್?"

"ಇದು ನನ್ನ ತೀರ್ಮಾನ."

"ಸರಿ ಸಾರ್. ಕಳಿಸಿದ ಮೇಲೆ ಬದಲಾವಣೆ ಇಲ್ಲ."

"ಬದಲಾಯಿಸೋ ಅಭ್ಯಾಸ ನನಗಿಲ್ಲ," ಅಂದ. ಹೇಳಿದ ಮೇಲೆ ಆ ಮಾತು ಹೇಳಿದವರು ಯಾರೆಂದು ತಾನೇ ಒಮ್ಮೆ ಹಿಂತಿರುಗಿ ನೋಡಿದ. ನಾಲ್ಕು ಐವತ್ತೆರಡಕ್ಕೆ ಅರ್ಜಿ ಹೋಯಿತು.

ಮನೆಯ ಗೇಟಿನಲ್ಲಿ ಮೇಷ್ಟ್ರು ಕಾದಿದ್ದರು. "ಎಷ್ಟು ಲೀಟರ್?"

"ಒಂದೂವರೆ," ಅಂದ, ತಲೆಯೆತ್ತಿ.

ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದ್ರೆ ಎರಡು ಟ್ರಿಪ್ಪು," ಅಂದರು. "ಒಂದೊಂದು ಸಲಕ್ಕೆ ಆರು ಪೆಟ್ಟಿಗೆ. ಬೆಳಗಿನ ಜಾವ ಒಂದು, ಮಧ್ಯಾಹ್ನ ಒಂದು. ನೀವು ರಜೆ ಹಾಕ್ಬಿಡಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮೇಡಂ.

"ಮ್ಯಾನುಯಲ್ ತಗೊಂಡೆ ಮೇಡಂ. ನಿಮಗೆ ಓಡಿಸೋಕೆ ಕಷ್ಟ ಆಗುತ್ತೆ ಅಂತ ಬೇಜಾರಾಗ್ತಿದೆ."

"ಅಯ್ಯೋ, ಬೇಜಾರೇನು! ನೀವೇ ಓಡಿಸ್ಕೊಂಡು ಬನ್ನಿ. ಬೀರು ಹಿಡಿಯೋಕೂ ಒಬ್ರು ಬೇಕಾಗಿತ್ತು."

ಫೋನು ಜೇಬಿಗೆ ಹಾಕಿಕೊಂಡ. ಆದರೂ ಅವನ ಎದೆ ಕುಗ್ಗಲಿಲ್ಲ. ಜೇನಿರಲಿ, ಬೀರುವಿರಲಿ. ಒಳಗೆ ಅವಳಿದ್ದಾಳೆ. ಅವಳಿಗೆ ಹೇಳುವುದಕ್ಕೆ ಇವತ್ತು ತನ್ನ ಬಳಿ ಒಂದು ಮಾತಿದೆ.

ಅವಳು ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಹಿಂದೆ, ಹೊಲಿಯದೆ ಕೂತಿದ್ದಳು. ಮುಂದೆ ಮೇಜಿನ ಮೇಲೆ ಫೋನಿತ್ತು.

"ಮುಗೀತು," ಅಂದ ಅವನು. "ಯಾರನ್ನೂ ಕೇಳ್ಲಿಲ್ಲ. ನಾನೇ ಮಾಡ್ದೆ."

"ಯಾವುದು?"

"ಒಂದೂವರೆ ಲೀಟರ್. ಮ್ಯಾನುಯಲ್."

ಅವಳು ಮೇಜಿನ ಡ್ರಾಯರ್ ಎಳೆದು, ಒಂದು ಸಣ್ಣ ಕಾರ್ಡು ತೆಗೆದು ಅವನ ಕೈಗೆ ಕೊಟ್ಟಳು. ಅದರಲ್ಲಿ ಅವಳ ಫೋಟೋ ಇತ್ತು. ಚಾಲನಾ ಪರವಾನಗಿ. ತಾರೀಖು ಅಂದಿನದು. ಕೆಳಗೆ ಒಂದು ಸಾಲು: ಆಟೋಮ್ಯಾಟಿಕ್ ವಾಹನಗಳಿಗೆ ಮಾತ್ರ.

ಅವನು ಅದನ್ನು ಎರಡು ಸಲ ಓದಿದ.

"ಯಾವಾಗ ಕಲಿತೆ?"

"ನೀವು ಆಫೀಸಿಗೆ ಹೋದ್ಮೇಲೆ. ಐದು ತಿಂಗಳಾಯ್ತು. ಕ್ಲಚ್ಚಿನ ಗಾಡಿಯಲ್ಲಿ ಎರಡು ಸಲ ಫೇಲಾದೆ. ಈ ಯಂತ್ರದ ಹಾಗೆ ಒಂದೇ ಕಾಲಲ್ಲಿ ಒತ್ತೋದು ಇದ್ಯಲ್ಲ ಅಂತ ಆಟೋಮ್ಯಾಟಿಕ್‌ಗೆ ಹೋದೆ. ಇವತ್ತು ಪಾಸಾಯ್ತು."

"ಬೆಳಗ್ಗೇನೇ ಒಂದು ಮಾತು ಹೇಳಬಾರದಿತ್ತಾ?"

"ಮೂರನೇ ಸಲನೂ ಫೇಲಾದ್ರೆ ಮುಖ ಎಲ್ಲಿಡ್ಲಿ ಅಂತ ಸುಮ್ನಿದ್ದೆ. ಪಾಸಾದ್ಮೇಲೆ ಹೇಳ್ಬಹುದಲ್ಲ, ಹೇಗೂ ಐದಕ್ಕೆ ಐದು ನಿಮಿಷ ಇರುವಾಗ ಫೋನ್ ಮಾಡಿ ನನ್ನನ್ನ ಕೇಳೇ ಕೇಳ್ತೀರಿ ಅಂತ ಇದ್ದೆ." ಅವಳು ಫೋನನ್ನು ಬೆರಳಿನಿಂದ ಸ್ವಲ್ಪ ಆಚೆಗೆ ಸರಿಸಿದಳು. "ಹದಿನೇಳು ವರ್ಷದಲ್ಲಿ ಒಂದ್ಸಲನಾದ್ರೂ ಕೇಳದೇ ಇದ್ದೀರಾ? ನಾಲ್ಕೂವರೆಯಿಂದ ಇದರ ಮುಂದೇನೇ ಕೂತಿದ್ದೆ."

ಅವನು ಕಾರ್ಡನ್ನು ಮೇಜಿನ ಮೇಲೆ, ಫೋನಿನ ಪಕ್ಕ ಇಟ್ಟ.

"ಎಂಜಿನ್ನು ಚಿಕ್ಕದೋ ದೊಡ್ಡದೋ, ನನಗೇನೂ ಆಗಬೇಕಾಗಿರಲಿಲ್ಲ," ಅಂದಳು ಅವಳು. ಸಿಟ್ಟಿರಲಿಲ್ಲ. "ಎಡಗಾಲಿಗೆ ಕೆಲಸ ಇಲ್ದೇ ಇದ್ರೆ ಸಾಕಿತ್ತು. ಇರಲಿ ಬಿಡಿ. ವಾರದಲ್ಲಿ ನಾಲ್ಕು ದಿನ ಗಿರಾಕಿಗಳ ಮನೆಗೆ ಹೋಗೋ ಕೆಲಸ ಒಪ್ಕೊಂಡುಬಿಟ್ಟಿದ್ದೀನಿ. ಬೆಳಗ್ಗೆ ಆರಕ್ಕೆ ನೀವು ನನ್ನನ್ನ ಕರ್ಕೊಂಡು ಹೊರಟ್ರೆ ನಿಮ್ಮ ಆಫೀಸಿನ ಹೊತ್ತಿಗೆ ವಾಪಸ್ ಬರಬಹುದು."

ಅವಳು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು. ಯಂತ್ರ ಗುನುಗತೊಡಗಿತು. ಮೇಜಿನಡಿ ಅವಳ ಬಲಗಾಲು ಪೆಡಲನ್ನು ಹದವಾಗಿ ಒತ್ತುತ್ತಿತ್ತು. ಎಡಗಾಲು ಪಕ್ಕದಲ್ಲಿ, ಚಪ್ಪಲಿ ಕಳಚಿಟ್ಟು, ಸುಮ್ಮನೆ ವಿಶ್ರಮಿಸುತ್ತಿತ್ತು. ಪರದೆ ಪೂರ್ತಿ ಹೊಲಿದು ಮುಗಿಯುವವರೆಗೂ ಅವನು ಆ ಕಾಲನ್ನೇ ನೋಡುತ್ತ ನಿಂತಿದ್ದ.