ಆಷಾಢದಲ್ಲಿ ಗಾಡಿ ಮಟ್ಟ ಮಾಡಿಸಿದ್ದು

ಆಷಾಢ ಎಂದರೆ ಹೊಸದಾಗಿ ಮದುವೆಯಾದವರ ತಾಪತ್ರಯ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಹೊಸ ಹೆಣ್ಣು ತವರಿಗೆ ಹೋಗುತ್ತಾಳೆ, ಹೊಸ ಗಂಡು ತಿಂಗಳಿಡೀ ಮುಖ ಊದಿಸಿಕೊಂಡು ತಿರುಗುತ್ತಾನೆ, ನಮ್ಮಂಥ ಹಳಬರು ಅವನನ್ನು ಅಂಗಡಿ ಮುಂದೆ ಕೂರಿಸಿಕೊಂಡು ರೇಗಿಸುತ್ತೇವೆ. ಆ ವಿದ್ಯೆಯಲ್ಲಿ ನಾನು ಒಂದು ಕೈ ಮುಂದೆಯೇ. ಮದ್ದೂರಿನಲ್ಲಿ ನನ್ನದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಆಷಾಢದಲ್ಲಿ ಮದುವೆಯಿಲ್ಲ, ಹಾಗಾಗಿ ನನಗೆ ಕೆಲಸವೂ ಇಲ್ಲ. ರೇಗಿಸುವುದಕ್ಕೆ ಬೇಕಾದಷ್ಟು ಪುರುಸೊತ್ತು. ಆ ಪುರುಸೊತ್ತಿನ ಮೇಲೆ ಯಾರ ಕಣ್ಣು ಬಿತ್ತೋ, ಅರ್ಧ ತಲೆ ನೆರೆತು, ಮಗಳನ್ನು ಧಾರೆ ಎರೆದು ಕೊಟ್ಟಾದ ಮೇಲೆ, ಈ ಸಲ ಆಷಾಢ ಹುಟ್ಟಿದ್ದೇ ತಡ, ನನ್ನ ಹೆಂಡತಿ ಜಯಶೀಲ ತವರಿಗೆ ಹೊರಟು ನಿಂತಳು.

ಕಾರಣ ಒಳ್ಳೆಯದೇ. ಹಲಗೂರಿನಲ್ಲಿ ಅವಳ ಕೊನೆಯ ತಂಗಿಗೆ, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತ ಮೇಲೆ, ಗಂಡು ಕೂಸು ಹುಟ್ಟಿತ್ತು. ನಮ್ಮತ್ತೆ ಒಬ್ಬರಿಂದಲೇ ಬಾಣಂತನ ಸಾಗುವ ಹಾಗಿರಲಿಲ್ಲ. ನಾನೇ ನನ್ನ ಪಿಕಪ್ಪಿನಲ್ಲಿ ಕರೆದುಕೊಂಡು ಹೋದೆ. ಎಡವಟ್ಟಾದದ್ದು ಅಲ್ಲಿ. ಪಿಕಪ್ ಗಾಡಿ ನೋಡಿದ್ದೀರಲ್ಲ, ಖಾಲಿ ಇದ್ದಾಗ ಹಿಂದುಗಡೆ ಎತ್ತಿಕೊಂಡು, ಮೂಗು ತಗ್ಗಿಸಿಕೊಂಡು ನಿಂತಿರುತ್ತದೆ. ಹಿಂದಿನ ಚಕ್ರಗಳ ಮೇಲೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಕಬ್ಬಿಣದ ಪಟ್ಟಿಗಳಿರುತ್ತವೆ. ನಾವು ಪ್ಲೇಟು ಅನ್ನುತ್ತೇವೆ. ಭಾರ ಬಿದ್ದರೆ ಅವು ತಗ್ಗುತ್ತವೆ, ಇಲ್ಲದಿದ್ದರೆ ಸೆಟೆದುಕೊಂಡಿರುತ್ತವೆ. ಅದರ ಜೊತೆಗೆ ನನ್ನ ಗಾಡಿಯ ಸೀಟಿಗೆ ನಾನು ಹೊಸ ರೆಕ್ಸಿನ್ ಹಾಕಿಸಿದ್ದೆ. ಜಯಶೀಲ ಉಟ್ಟಿದ್ದು ರೇಷ್ಮೆ ಸೀರೆ. ಮಳವಳ್ಳಿ ದಾಟುವಷ್ಟರಲ್ಲಿ ರಸ್ತೆಯ ಪ್ರತಿ ಹಂಪಿಗೂ ಅವಳು ಸೀಟಿನಿಂದ ಜಾರಿ, ಮಂಡಿ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿದು, ಮಡಿಲಲ್ಲಿದ್ದ ಮದ್ದೂರು ವಡೆಯ ಪೊಟ್ಟಣ ಪುಡಿಯಾಗಿತ್ತು. ಹಲಗೂರಲ್ಲಿ ಇಳಿದವಳೇ ಮಂಡಿ ಉಜ್ಜಿಕೊಳ್ಳುತ್ತಾ, "ನೋಡಿ, ಈ ಜಾರುಬಂಡೀಲಿ ಇನ್ನು ನಾನು ಕೂರಾಕಿಲ್ಲ. ಗಾಡಿ ಸಮಕ್ಕೆ ನಿಲ್ಲಂಗೆ ಮಾಡ್ಸಿ, ಆಮ್ಯಾಕೆ ನನ್ನ ಕರ್ಯಾಕೆ ಬನ್ನಿ" ಎಂದು ಹೇಳಿ ಒಳಗೆ ಹೋದಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ. ಯಾಕೆಂದರೆ ವಾಪಸ್ಸು ಬಂದು ಮನೆ ಬೀಗ ತೆಗೆದ ಕೂಡಲೇ ನನಗೆ ಎದೆಯಲ್ಲಿ ಏನೋ ಕಳಚಿದ ಹಾಗಾಯಿತು. ನನ್ನ ಅಂಗಡಿಯಲ್ಲಿ ಸಾವಿರ ಜನಕ್ಕೆ ಅನ್ನ ಬೇಯಿಸುವ ಹಂಡೆಗಳಿವೆ. ಒಬ್ಬನಿಗೆ ಅನ್ನ ಮಾಡುವ ಪಾತ್ರೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಲು ಬಿಂಕ. ಬಾಡಿಗೆ ಪಾತ್ರೆಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ ಅನ್ನಕ್ಕಿಟ್ಟರೆ, ಅದೂ ಒಂದು ನಾಮಕರಣಕ್ಕೆ ಸಾಲುವಷ್ಟು ಆಯಿತು. ಆಮೇಲೆ ಹೋಟೆಲಿನ ಮುದ್ದೆಗೆ ಶರಣಾದೆ. ಹೊಟ್ಟೆಯ ಕತೆ ಹೇಗೋ ಆಗುತ್ತದೆ ಬಿಡಿ. ಸಾಯಂಕಾಲ ಅಂಗಡಿ ಬಾಗಿಲು ಹಾಕಿ ಬಂದಾಗ, "ಚಪ್ಪಲಿ ಆಚೆ ಬುಡಿ" ಎಂದು ಗದರುವವರಿಲ್ಲದೆ ನಾನು ಚಪ್ಪಲಿ ಸಮೇತ ನಡುಮನೆಗೆ ಹೋಗಿ ನಿಂತುಬಿಡುತ್ತಿದ್ದೆ. ಬೈಸಿಕೊಳ್ಳಬೇಕು ಅಂತ ಮನುಷ್ಯನಿಗೆ ಅಷ್ಟೊಂದು ಆಸೆಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಂಗಡಿ ಮುಂದೆ ಹೋಗುವ ಹೊಸ ಗಂಡುಗಳು ಈಗ ನನ್ನನ್ನೇ ನಿಲ್ಲಿಸಿ, "ಏನಣ್ಣ, ನಿಮ್ದೂ ಆಸಾಡವಾ?" ಎಂದು ಕೇಳತೊಡಗಿದರು. ಮಾಡಿದ್ದುಣ್ಣೋ ಮಾರಾಯ ಎಂದುಕೊಂಡು ನಗುತ್ತಿದ್ದೆ.

ಹಾಗಾಗಿ ಗಾಡಿ ಸಮಕ್ಕೆ ನಿಲ್ಲಿಸುವುದು ನನಗೆ ಒಂದು ವ್ರತವೇ ಆಯಿತು. ಮಂಡ್ಯದಲ್ಲಿ ಪ್ಲೇಟು ಕೆಲಸ ಮಾಡುವ ಪುಟ್ಟಸ್ವಾಮಿ ನನ್ನ ಜೊತೆ ಓದಿದವನು, ಅಂದರೆ ಜೊತೆಗೇ ಫೇಲಾದವನು. ಹಿಂದುಗಡೆ ತಗ್ಗುವ ಹಾಗೆ ಒಂದೆರಡು ಪ್ಲೇಟು ಕೀಳು ಎಂಬ ನನ್ನ ಬೇಡಿಕೆ ಕೇಳಿ ಅವನು ಗಾಡಿಗಿಂತ ಮೊದಲು ನನ್ನನ್ನೇ ಸುತ್ತು ಹಾಕಿ ನೋಡಿದ. "ಜನ ಇನ್ನೊಂದು ಪ್ಲೇಟು ಸೇರ್ಸು ಅಂತ ಬತ್ತಾರೆ. ನೀನು ಕೀಳು ಅಂತೀಯಲ್ಲಾ. ಏನ್ಲಾ ತುಂಬ್ತೀಯ ಇದಕ್ಕೆ?" ಎಂದ. ಆಷಾಢವಲ್ಲವೇ, ಪಾತ್ರೆಯಿಲ್ಲ, ಕುರ್ಚಿಯಿಲ್ಲ. "ಏನೂ ಇಲ್ಲ ಕಣ್ಲಾ, ಮುಂದೆ ನಮ್ಮೋಳು ಒಬ್ಳು ಕೂತ್ಕೊತಾಳೆ ಅಷ್ಟೇಯ" ಎಂದೆ. ಅವನು ಪ್ಲೇಟು ಕಿತ್ತ. ಗಾಡಿ ಬಲಕ್ಕೆ ವಾಲಿತು. ಇನ್ನೊಂದು ದಿನ ಬಾ ಅಂದ. ಎಡಕ್ಕೆ ವಾಲಿತು. ಮತ್ತೊಂದು ದಿನ ಬೋಲ್ಟು ಸಿಕ್ಕಲಿಲ್ಲ, ಆಮೇಲೆ ಅವನ ಭಾವಮೈದ ಸಿಕ್ಕಿದ, ಆ ದಿನವೂ ಹೋಯಿತು. ನಾನೂ ಬಿಡಲಿಲ್ಲ. ಗಾರೆ ಕೆಲಸದವರ ರಸಮಟ್ಟ ಎರವಲು ತಂದು ಗಾಡಿಯ ಮೇಲಿಟ್ಟು, ಒಳಗಿನ ಗುಳ್ಳೆ ಮಧ್ಯಕ್ಕೆ ಬಂತೇ ಇಲ್ಲವೇ ಎಂದು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದೆ.

ಮಾನ ಹೋದರೂ ಹೋಗಲಿ, ಒಂದು ವಿಷಯ ಹೇಳಿಬಿಡುತ್ತೇನೆ. ಗುಳ್ಳೆ ಮಧ್ಯಕ್ಕೆ ಬಂದ ದಿನ ನನಗೆ ಅನುಮಾನ ಹುಟ್ಟಿತು. ಪ್ಯಾಂಟು ಜಾರುವುದಿಲ್ಲ, ರೇಷ್ಮೆ ಜಾರುತ್ತದೆ. ಪರೀಕ್ಷೆ ಮಾಡದೆ ಅವಳನ್ನು ಕೂರಿಸುವುದು ಹೇಗೆ? ಮಾರನೆಯ ದಿನ ಮಗಳ ಮದುವೆಯಲ್ಲಿ ಉಟ್ಟಿದ್ದ ರೇಷ್ಮೆ ಪಂಚೆ ಉಟ್ಟುಕೊಂಡು ಗ್ಯಾರೇಜಿಗೆ ಹೋದೆ. ಪುಟ್ಟಸ್ವಾಮಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಏನ್ಲಾ, ಎಡ್ತಿ ಬರೋದು ತಡ ಆಯ್ತು ಅಂತ ಇನ್ನೊಂದು ಎಣ್ಣು ನೋಡಕ್ ಒಂಟ್ಯಾ?" ಎಂದ. ಅವನನ್ನು ಸ್ಟಿಯರಿಂಗಿಗೆ ಕೂರಿಸಿ, ನಾನು ಜಯಶೀಲಳ ಜಾಗದಲ್ಲಿ ಕೈ ಕಟ್ಟಿಕೊಂಡು ಕೂತೆ. ಹೊಳಲಿನ ಕಡೆ ರಸ್ತೆಯಲ್ಲಿ ಅವನು ಬ್ರೇಕ್ ಒತ್ತಿದಾಗಲೆಲ್ಲ ನಾನು, "ಜಾರಲಿಲ್ಲ!" ಎಂದು ಕೂಗುತ್ತಿದ್ದೆ. ಗದ್ದೆ ಬದುವಿನಲ್ಲಿ ನಿಂತಿದ್ದ ಹೆಂಗಸರು, ಹುಚ್ಚು ಹಿಡಿದ ಯಾವನೋ ಮದುವೆ ಗಂಡನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತಿದ್ದಾರೆ ಅಂದುಕೊಂಡಿರಬೇಕು. ಆ ಸೀಟಿನಲ್ಲಿ ಕೂತಾಗ ಕಿಟಕಿ ಗಾಜಿಗೆ ಅವಳು ಅಂಟಿಸಿದ್ದ ಒಂದು ಬೊಟ್ಟು ಕಂಡಿತು. ನನಗೆ ಕಣ್ಣು ತುಂಬಿ ಬಂತು. ಧೂಳು ಕಣ್ಲಾ ಎಂದೆ. ಗಾಜು ಏರಿಸೇ ಇತ್ತು.

ಇಷ್ಟೂ ದಿನ ಫೋನು ನಡೆಯುತ್ತಲೇ ಇತ್ತು. "ಉಂಡ್ರಾ?" ಎಂದು ಕೇಳುತ್ತಿದ್ದಳು. ಉಂಡೆ ಎನ್ನುತ್ತಿದ್ದೆ. "ಕೂಸು ಇವತ್ತು ನಗ್ತು ಕಣ್ರೀ" ಎನ್ನುತ್ತಿದ್ದಳು. ನಾನು, "ಬಲಗಡೆ ಪ್ಲೇಟು ಸರಿಹೋಯ್ತು, ಎಡಗಡೇದು ಒಂದು ಬಾಕಿ" ಎನ್ನುತ್ತಿದ್ದೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ, ಬಂದುಬಿಡೇ ಎಂಬ ಮಾತು ನಾಲಿಗೆ ತುದಿಗೆ ಬರುತ್ತಿತ್ತು. ಬಂದದ್ದು ಬೋಲ್ಟಿನ ವಿಷಯವಾಗಿ ಹೊರಬೀಳುತ್ತಿತ್ತು. ನಮ್ಮ ಕಡೆ ಗಂಡಸರು ಹೀಗೆಯೇ, ಬೈಯುವುದಕ್ಕೆ ಸಿಗುವಷ್ಟು ಮಾತು ಇದಕ್ಕೆ ಸಿಗುವುದಿಲ್ಲ.

ಅಂತೂ ಶ್ರಾವಣ ಹುಟ್ಟಿತು. ಗಾಡಿ ತೊಳೆದು, ಹೂವಿನ ಹಾರ ಹಾಕಿ ಹಲಗೂರಿಗೆ ಹೋದೆ. ಮನೆ ಮುಂದೆ ಗಾಡಿ ಹೇಗೆ ನಿಂತಿತು ಅಂತೀರಿ, ಮೇಲೆ ಲೋಟದಲ್ಲಿ ನೀರಿಟ್ಟರೂ ತುಳುಕುವ ಹಾಗಿರಲಿಲ್ಲ. ಜಯಶೀಲ ಬಾಗಿಲಿಗೆ ಬಂದಳು. ಸ್ವಲ್ಪ ಸೊರಗಿದ್ದಳು. ಗಾಡಿಯನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿ, "ಯಾಕಿಂಗೆ ಇಳ್ದೋಗಿದ್ದೀರಿ?" ಎಂದಳು. ಅಷ್ಟರಲ್ಲಿ ಒಳಗಿನಿಂದ ನಮ್ಮತ್ತೆಯ ದನಿ ಬಂತು: "ಅಳೀಮಯ್ಯಾರೇ, ಗಾಡಿ ಇಂದುಗಡೆ ಬಾಗ್ಲು ತೆಗೀರಿ." ತವರಿನವರು ಮಗಳನ್ನು ಎಂದಾದರೂ ಬರಿಗೈಯಲ್ಲಿ ಕಳಿಸುತ್ತಾರೆಯೇ? ನನ್ನ ಗಾಡಿಯಲ್ಲೇ ಊರಿನ ಎಷ್ಟೋ ಹೆಣ್ಣುಮಕ್ಕಳ ಸಾಮಾನು ಸಾಗಿಸಿದ್ದೇನೆ, ಆದರೂ ಇದು ಹೊಳೆದಿರಲಿಲ್ಲ. ರಾಗಿ ಮೂಟೆಗಳು ಬಂದವು, ಭತ್ತದ ಮೂಟೆಗಳು ಬಂದವು, ಹುರುಳಿ, ಅಚ್ಚುಬೆಲ್ಲ, ತೆಂಗಿನಕಾಯಿ ಬಂದವು, ಕೊನೆಗೆ ನಾಲ್ಕು ಜನ ಉರುಳಿಸಿಕೊಂಡು ಒಂದು ಒರಳುಕಲ್ಲು ಬಂತು. ಬೇಡ ಎಂದರೆ ಅಳಿಯನಿಗೆ ಸೊಕ್ಕು ಅನ್ನುತ್ತಾರೆ. ನೋಡ ನೋಡುತ್ತಾ ಗಾಡಿಯ ಹಿಂಭಾಗ ಕುಸಿದು ಕೂತಿತು, ಮೂಗು ಆಕಾಶ ನೋಡಿತು.

ಹೊರಟೆವು. ಜಯಶೀಲ ಕ್ಷೌರದ ಕುರ್ಚಿಯಲ್ಲಿ ಕೂತವಳ ಹಾಗೆ ಹಿಂದಕ್ಕೆ ಒರಗಿದ್ದಳು. ಗಾಜಿನಲ್ಲಿ ರಸ್ತೆಗಿಂತ ಮರದ ತುದಿಗಳೇ ಹೆಚ್ಚು ಕಾಣುತ್ತಿದ್ದವು. ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಅಳುತ್ತಿತ್ತು. "ಇದೇನಾ ನೀವು ತಿಂಗಳೆಲ್ಲ ಮಾಡ್ಸುದ್ದು?" ಎಂದಳು. ನಿನಗಾಗಿಯೇ ಮಾಡಿಸಿದೆ, ನೀನೇ ಹೇಳಿದ್ದಲ್ಲ ಎಂದೆ. ಅವಳು ಮೆಲ್ಲಗೆ, "ಅದು ಮಂಡಿ ನೋವ್ಗೆ ಅಂದಿದ್ದು ಕಣ್ರೀ. ಬಾಣಂತಿ ಎದ್ದು ಓಡಾಡಕ್ಕೆ ಸುರು ಮಾಡಿ ಎಷ್ಟೊಂದು ದಿನ ಆಯ್ತು. ನೀವು ಬತ್ತೀರ ಅಂತ ದಿನಾ ಸಂಜೆ ಬಸ್ಸು ನೋಡ್ತಿದ್ದೆ" ಎಂದಳು. ಫೋನಿನಲ್ಲಿ ಹೇಳಬಾರದಿತ್ತೇನೇ ಎಂದೆ. "ಎಂಗೇಳ್ಲಿ? ಬಾಯಿ ಬುಟ್ರೆ ಪ್ಲೇಟು ಪ್ಲೇಟು ಅಂತಿದ್ರಿ. ಮನೇಲಿ ನಾನ್ ಬೇಕೋ ಬ್ಯಾಡ್ವೋ ಅನ್ಕಂಡು ಸುಮ್ಕಾದೆ." ಬೇಕು ಕಣೇ, ಬಹಳ ಬೇಕು ಎಂದೆ. ಗಾಡಿಯ ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ. "ಕೇಳುಸ್ತು, ಮುಂದ್ಗಡೆ ನೋಡ್ಕಂಡು ಓಡ್ಸಿ" ಎಂದಳು, ಆಕಾಶ ನೋಡುತ್ತಾ.

ಶ್ರಾವಣದ ಮದುವೆಗಳು ಶುರುವಾದವು, ಹಂಡೆ ಹೊರಬೇಕಲ್ಲ, ಪ್ಲೇಟು ವಾಪಸ್ಸು ಹಾಕಿಸಿದೆ. ಗಾಡಿ ಮತ್ತೆ ಮೂಗು ತಗ್ಗಿಸಿ ನಿಂತಿತು. ಇನ್ನು ನೀನು ಮತ್ತೆ ಜಾರುತ್ತೀಯಲ್ಲ ಎಂದು ಕೇಳಿದ್ದಕ್ಕೆ, "ಜಾರುದ್ರೆ ನಿಮ್ಮ ಭುಜ ಇಡ್ಕೊತೀನಿ. ಅದುಕ್ಕೆ ಇನ್ನೊಂದು ತಿಂಗ್ಳು ಗ್ಯಾರೇಜ್‌ಗೆ ಓಗ್ಬ್ಯಾಡಿ" ಎಂದಳು. ಅಂದಂತೆಯೇ ಹಿಡಿದುಕೊಳ್ಳುತ್ತಾಳೆ. ನಾನೀಗ ನುಣ್ಣನೆಯ ರಸ್ತೆಯಲ್ಲೂ ಬ್ರೇಕ್ ಒತ್ತುತ್ತೇನೆ. "ಎಲ್ಲೈತ್ರೀ ಅಂಪು? ಕಣ್ಣು ಕಾಣಾಕಿಲ್ವಾ?" ಎಂದು ಬೈಯುತ್ತಾಳೆ, ಕೈ ಮಾತ್ರ ತೆಗೆಯುವುದಿಲ್ಲ.